ಐಟಿಐ ಮಕ್ಕಳಿಗೆ ಎಂಜಿನಿಯರಿಂಗ್ ಸೀಟು ಕೊಟ್ಟರೆ ಸಾಲದು, ಕೂಡಿ ಪಾಠ ಮಾಡಬೇಕು

ಮಾನ್ಯ ಸಂಪಾದಕರೇ,

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರವಿದೆ. ಇಸ್ರೋ ಕೇಂದ್ರಗಳ ನೇಮಕಾತಿ ಪ್ರಕಟಣೆಯನ್ನು ನಿಧಾನವಾಗಿ ಓದಿದರೆ ನಮ್ಮ ತಾಂತ್ರಿಕ ಶಿಕ್ಷಣದ ಮೂರು ಮೆಟ್ಟಿಲುಗಳು ಅಲ್ಲೇ ಕಾಣುತ್ತವೆ. ಎಸ್ಸೆಸ್ಸೆಲ್ಸಿ ಮೇಲೆ ಐಟಿಐ ಮುಗಿಸಿದವರು ಟೆಕ್ನಿಷಿಯನ್-ಬಿ ಹುದ್ದೆಗೆ ಅರ್ಜಿ ಹಾಕಬಹುದು. ಅದರ ಮೂಲ ವೇತನ 7ನೇ ವೇತನ ಆಯೋಗದ ಪ್ರಕಾರ 21,700 ರೂಪಾಯಿಯಿಂದ ಶುರು. ಪ್ರಥಮ ದರ್ಜೆಯಲ್ಲಿ ಡಿಪ್ಲೊಮಾ ಆದವರಿಗೆ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆ, 44,900. ಬಿ.ಇ. ಆದವರಿಗೆ ಎಂಜಿನಿಯರ್ ಹುದ್ದೆ, 56,100. ಮೊದಲ ಮೆಟ್ಟಿಲಿನಿಂದ ಎರಡನೆಯದಕ್ಕೆ ಹೋದರೆ ಸಂಬಳ ಇಮ್ಮಡಿಗಿಂತ ಹೆಚ್ಚಾಗುತ್ತದೆ.

ಹತ್ತನೇ ತರಗತಿ ಮುಗಿಸಿ ಐಟಿಐ ಸೇರುವ ಮಕ್ಕಳ ತಂದೆತಾಯಿಗೆ ಯಾರೂ ಬಿಡಿಸಿ ಹೇಳದ ಲೆಕ್ಕವೊಂದಿದೆ. ಪಿಯುಸಿ ಎರಡು ವರ್ಷ, ಬಿ.ಇ. ನಾಲ್ಕು ವರ್ಷ, ಒಟ್ಟು ಆರು. ಐಟಿಐ ಎರಡು, ನೇರ ಎರಡನೇ ವರ್ಷಕ್ಕೆ ಸೇರಿದರೆ ಡಿಪ್ಲೊಮಾ ಎರಡು, ಮತ್ತೆ ನೇರ ಎರಡನೇ ವರ್ಷಕ್ಕೆ ಸೇರಿದರೆ ಬಿ.ಇ. ಮೂರು, ಒಟ್ಟು ಏಳು. ವ್ಯತ್ಯಾಸ ಒಂದೇ ವರ್ಷ. ಆ ಒಂದು ವರ್ಷಕ್ಕೆ ಬದಲಾಗಿ ಕೈಯಲ್ಲಿ ಕಸುಬಿರುತ್ತದೆ, ನಡುವೆ ಎರಡು ಪ್ರಮಾಣಪತ್ರ ಸಿಗುತ್ತವೆ. ಮನೆಯಲ್ಲಿ ಕಷ್ಟ ಬಂದರೆ ಎಲ್ಲಿ ನಿಂತರೂ ದುಡಿಯಬಹುದು. ಸಾಲ ಮಾಡಿ ಓದಿಸುವ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ.

ನಿಯಮದಲ್ಲಿ ಈ ದಾರಿ ಮುಚ್ಚಿಲ್ಲ. ಎರಡು ವರ್ಷದ ಐಟಿಐ ಪಾಸಾದವರನ್ನು ಸಂಬಂಧಪಟ್ಟ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಿಸಿಕೊಳ್ಳಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು (ಎಐಸಿಟಿಇ) ಒಪ್ಪಿದೆ. ಡಿಪ್ಲೊಮಾದಿಂದ ಬಿ.ಇ. ಮೂರನೇ ಸೆಮಿಸ್ಟರ್‌ಗೆ, ಅಂದರೆ ಎರಡನೇ ವರ್ಷಕ್ಕೆ, ಹೋಗಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಇದೆ. ಇಷ್ಟಿದ್ದರೂ ಈ ದಾರಿಯಲ್ಲಿ ಹೊರಟವರು ಎರಡು ಕಡೆ ಬೀಳುತ್ತಾರೆ, ಡಿಪ್ಲೊಮಾ ಮೂರನೇ ಸೆಮಿಸ್ಟರ್‌ನಲ್ಲಿ ಮತ್ತು ಬಿ.ಇ. ಮೂರನೇ ಸೆಮಿಸ್ಟರ್‌ನಲ್ಲಿ. ಎರಡೂ ಕಡೆ ಕಾರಣ ಒಂದೇ. ಸರ್ಕಾರ ಪ್ರವೇಶವನ್ನಷ್ಟೇ ಜೋಡಿಸಿದೆ, ಪಾಠವನ್ನು ಜೋಡಿಸಿಲ್ಲ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳು ಕೂಡಿ ಈ ಜೋಡಣೆ ಮಾಡಬೇಕು, ಅದಕ್ಕೆ ಹೊಸ ಕಟ್ಟಡವಾಗಲಿ ದೊಡ್ಡ ಅನುದಾನವಾಗಲಿ ಬೇಕಿಲ್ಲ ಎಂಬುದು ಈ ಪತ್ರದ ಒಕ್ಕಣೆ.

ಮೊದಲಿಗೆ, ಒಬ್ಬ ವಿದ್ಯಾರ್ಥಿ ಎಷ್ಟು ಯಜಮಾನರ ಕೈಕೆಳಗೆ ಹಾದುಹೋಗುತ್ತಾನೆ ನೋಡಿ. ಐಟಿಐ ನಡೆಸುವುದು ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆ, ಅದರ ಪಠ್ಯ ಮತ್ತು ಪರೀಕ್ಷೆ ದೆಹಲಿಯ ತರಬೇತಿ ಮಹಾನಿರ್ದೇಶನಾಲಯದ್ದು. ಪಾಲಿಟೆಕ್ನಿಕ್ ಇರುವುದು ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆಯಡಿ, ಪರೀಕ್ಷೆ ತಾಂತ್ರಿಕ ಪರೀಕ್ಷಾ ಮಂಡಳಿಯದು. ಬಿ.ಇ. ಸೀಟು ಹಂಚುವುದು ಕೆಇಎ, ಪದವಿ ಕೊಡುವುದು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು). ಒಬ್ಬರ ಪಠ್ಯ ಇನ್ನೊಬ್ಬರ ಮೇಜಿನ ಮೇಲೆ ಇರುವುದಿಲ್ಲ. ಐಟಿಐ ಬೋಧಕರು ತಮ್ಮ ವಿದ್ಯಾರ್ಥಿ ಮುಂದೆ ಯಾವ ಗಣಿತ ಓದಬೇಕಾಗುತ್ತದೆ ಎಂದು ನೋಡಿರುವುದಿಲ್ಲ. ಪಾಲಿಟೆಕ್ನಿಕ್ ಉಪನ್ಯಾಸಕರು ಲ್ಯಾಟರಲ್ ಎಂಟ್ರಿಯಲ್ಲಿ, ಅಂದರೆ ನೇರ ಎರಡನೇ ವರ್ಷಕ್ಕೆ, ಬಂದ ಹುಡುಗ ಈಗಾಗಲೇ ಏನು ಬಲ್ಲ ಎಂದು ವಿಚಾರಿಸಿರುವುದಿಲ್ಲ.

ಈಗ ಗಂಟೆಗಳ ಲೆಕ್ಕ. 2022ರಲ್ಲಿ ಪರಿಷ್ಕೃತವಾದ ಐಟಿಐ ಪಠ್ಯಕ್ರಮದಲ್ಲಿ ವರ್ಷಕ್ಕೆ 1,200 ಗಂಟೆ ತರಬೇತಿ. ಮೊದಲ ವರ್ಷದಲ್ಲಿ ಟ್ರೇಡ್ (ಆರಿಸಿಕೊಂಡ ಕಸುಬು) ಪ್ರಾಕ್ಟಿಕಲ್‌ಗೆ 840 ಗಂಟೆ, ಟ್ರೇಡ್ ಥಿಯರಿಗೆ 240, ಉದ್ಯೋಗ ಕೌಶಲಕ್ಕೆ 120. 2023ರ ಏಪ್ರಿಲ್‌ನಲ್ಲಿ ಕೇಂದ್ರ ಹೊರತಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಕೂಡ ವರ್ಷಕ್ಕೆ 1,200 ಗಂಟೆಯನ್ನೇ ಅಳತೆಗೋಲಾಗಿ ಇಟ್ಟುಕೊಂಡಿದೆ. 30 ಗಂಟೆಯ ಕಲಿಕೆಗೆ 1 ಕ್ರೆಡಿಟ್, ವರ್ಷಕ್ಕೆ 40. ಆ ಲೆಕ್ಕದಲ್ಲಿ ಎರಡು ವರ್ಷ ಫಿಟ್ಟರ್ ಟ್ರೇಡ್ ಓದಿದವನ ಖಾತೆಯಲ್ಲಿ 80 ಕ್ರೆಡಿಟ್‌ನಷ್ಟು ದುಡಿಮೆ ಇದೆ. ಅವನಿಗೆ ಸಿಗುವುದು ಡಿಪ್ಲೊಮಾದ ಒಂದು ವರ್ಷದ ವಿನಾಯಿತಿ. ಇದು ಅನ್ಯಾಯ ಎಂದು ಮೇಲ್ನೋಟಕ್ಕೆ ಅನಿಸುತ್ತದೆ, ಆದರೆ ತೊಂದರೆ ಬೇರೆ ಕಡೆ ಇದೆ. ಅವನು ಕಲಿತದ್ದು ಡಿಪ್ಲೊಮಾದ ಮೊದಲ ವರ್ಷದ ಪಾಠವಲ್ಲ. ಮೊದಲ ವರ್ಷದ ಡಿಪ್ಲೊಮಾ ಗಣಿತದಲ್ಲಿ ಮ್ಯಾಟ್ರಿಕ್ಸ್, ಸರಳರೇಖೆಗಳು, ತ್ರಿಕೋನಮಿತಿ, ಡಿಫರೆನ್ಸಿಯೇಷನ್, ಇಂಟಿಗ್ರೇಷನ್ ಬರುತ್ತವೆ. ಫಿಟ್ಟರ್ ಇವುಗಳಲ್ಲಿ ತ್ರಿಕೋನಮಿತಿಯ ಅಂಚು ಮುಟ್ಟಿರುತ್ತಾನೆ, ಉಳಿದದ್ದರ ಹೆಸರೂ ಕೇಳಿರುವುದಿಲ್ಲ. ಅವನನ್ನು ನೇರವಾಗಿ ಮೂರನೇ ಸೆಮಿಸ್ಟರ್‌ನ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ತರಗತಿಯಲ್ಲಿ ಕೂರಿಸಿದರೆ, ತೊಲೆಯ ಬೆಂಡಿಂಗ್ ಮೊಮೆಂಟ್ (ಬಾಗಿಸುವ ಪರಿಣಾಮ) ಎಲ್ಲಿ ಗರಿಷ್ಠ ಎಂದು ಹುಡುಕುವಾಗ ಅದನ್ನು ಡಿಫರೆನ್ಸಿಯೇಟ್ ಮಾಡಿ ಸೊನ್ನೆಗೆ ಸಮ ಮಾಡುವುದು ಏಕೆ ಎಂಬುದೇ ತಿಳಿಯುವುದಿಲ್ಲ. ಸೂತ್ರ ಬಾಯಿಪಾಠ ಮಾಡುತ್ತಾನೆ, ಪ್ರಶ್ನೆ ಸ್ವಲ್ಪ ತಿರುಗಿದರೆ ಕೈಚೆಲ್ಲುತ್ತಾನೆ.

ಹಾಗೆಂದು ಅವನಿಗೆ ಗಣಿತ ಬರುವುದಿಲ್ಲ ಎಂದು ಷರಾ ಬರೆಯುವುದು ತಪ್ಪು. ಅವನು ಗಣಿತವನ್ನು ಕೈಯಲ್ಲಿ ಮಾಡಿರುತ್ತಾನೆ, ಕಾಗದದ ಮೇಲೆ ಮಾಡಿರುವುದಿಲ್ಲ. ಫಿಟ್ಟಿಂಗ್ ಶಾಪಿನ ಸರ್ಫೇಸ್ ಪ್ಲೇಟಿನ (ಅಳತೆಗೆ ಬಳಸುವ ಸಮತಟ್ಟಾದ ಹಲಗೆ) ಮುಂದೆ ನಿಂತು ನೋಡಿ. ಎರಡು ತುದಿಗೂ ರೋಲರ್ ಇರುವ, ಕೋನ ಹೊಂದಿಸುವ 200 ಮಿಲಿಮೀಟರಿನ ಸೈನ್ ಬಾರ್ ಇದೆ, 25 ಡಿಗ್ರಿ ಕೋನ ಬೇಕು. ಬಾರಿನ ಒಂದು ರೋಲರ್ ಪ್ಲೇಟಿನ ಮೇಲೆ ಕೂರುತ್ತದೆ, ಇನ್ನೊಂದರ ಕೆಳಗೆ ಸ್ಲಿಪ್ ಗೇಜುಗಳನ್ನು (ಕರಾರುವಾಕ್ಕು ದಪ್ಪದ ಅಳತೆ ತುಂಡುಗಳು) ಜೋಡಿಸಬೇಕು. 25 ಡಿಗ್ರಿಯ ಸೈನ್ 0.42262. ಅದನ್ನು 200ರಿಂದ ಗುಣಿಸಿದರೆ ಎತ್ತರ 84.524 ಮಿ.ಮೀ. ಈ ಎತ್ತರ ಕಟ್ಟಲು ಹುಡುಗ ಕೊನೆಯ ಅಂಕಿಯಿಂದ ಶುರು ಮಾಡುತ್ತಾನೆ. ಕೊನೆಯ 4 ಹೋಗಲು 1.004ರ ಗೇಜು, ಉಳಿದದ್ದು 83.520. ಅದರಲ್ಲಿ 1.02 ತೆಗೆದರೆ 82.5. ಅದರಲ್ಲಿ 2.5, ಕೊನೆಗೆ 80. ನಾಲ್ಕು ಗೇಜು, ಒರೆಸಿ, ತಿರುಚಿ ಅಂಟಿಸಿದರೆ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಈ ಕೆಲಸ ಬಲ್ಲ ಹುಡುಗನಿಗೆ ತ್ರಿಕೋನಮಿತಿ ಹೇಳಿಕೊಡಲು ಕಪ್ಪುಹಲಗೆಯ ಮೇಲೆ ಖಾಲಿ ತ್ರಿಭುಜ ಬರೆಯಬೇಕಾಗಿಲ್ಲ, ಬಾರೇ ಕರ್ಣ, ಗೇಜುಗಳೇ ಎದುರು ಬಾಹು. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೋನವನ್ನು ಒಂದೊಂದೇ ಡಿಗ್ರಿ ಏರಿಸುತ್ತಾ ಎತ್ತರ ಎಷ್ಟೆಷ್ಟು ಏರುತ್ತದೆ ಎಂದು ಪಟ್ಟಿ ಬರೆಸಿ. ಕೋನ ಸಣ್ಣದಿದ್ದಾಗ ಒಂದು ಡಿಗ್ರಿಗೆ ಎತ್ತರ ಸುಮಾರು 3.5 ಮಿ.ಮೀ. ಏರುತ್ತದೆ, 60 ಡಿಗ್ರಿ ಹತ್ತಿರ ಅದರ ಅರ್ಧದಷ್ಟೇ. 45 ಡಿಗ್ರಿ ದಾಟಿದ ಮೇಲೆ ಸೈನ್ ಬಾರ್ ಬಳಸಬೇಡಿ ಎಂದು ಶಾಪಿನಲ್ಲಿ ಹೇಳುವುದು ಇದಕ್ಕೇ, ಗೇಜಿನ ಎತ್ತರದಲ್ಲಿ ಅಷ್ಟೇ ತಪ್ಪಾದರೂ ಕೋನದಲ್ಲಿ ತಪ್ಪು ಹಿಗ್ಗುತ್ತದೆ. ಸೈನ್‌ನ ಡಿಫರೆನ್ಸಿಯೇಷನ್ ಕೊಸೈನ್ ಎಂಬ ಸಾಲು ಆಗ ಬಾಯಿಪಾಠವಾಗಿ ಉಳಿಯುವುದಿಲ್ಲ.

ಎಲೆಕ್ಟ್ರಿಷಿಯನ್ ಟ್ರೇಡಿನವರಿಗೆ ಇದೇ ರೀತಿ 230 ವೋಲ್ಟಿನಿಂದ ಹೊರಡಬಹುದು. ಮೀಟರ್ ತೋರಿಸುವುದು 230, ಅಲೆಯ ತುದಿ ಮುಟ್ಟುವುದು ಸುಮಾರು 325. ಈ ಎರಡರ ನಡುವಿನ 1.414 ಎಲ್ಲಿಂದ ಬಂತು ಎಂದು ಕೇಳಿದರೆ ಇಂಟಿಗ್ರೇಷನ್ ತಾನಾಗಿ ಬರುತ್ತದೆ. ಬಿ.ಇ.ಯಲ್ಲಿ ಫೊರಿಯರ್ ಸರಣಿ ಎದುರಾದಾಗ ಅವನಿಗೆ ನೆನಪಾಗಬೇಕಾದದ್ದು ಈ ಅಲೆಯೇ.

ಇಂಥ ಪಾಠವನ್ನು ಐಟಿಐ ಬೋಧಕರೊಬ್ಬರೇ ಮಾಡಲಾರರು, ಪಾಲಿಟೆಕ್ನಿಕ್ಕಿನ ಗಣಿತ ಉಪನ್ಯಾಸಕರೊಬ್ಬರೇ ಮಾಡಲಾರರು. ಒಬ್ಬರಿಗೆ ಬಾರ್ ಗೊತ್ತು, ಇನ್ನೊಬ್ಬರಿಗೆ ಕೊಸೈನ್ ಗೊತ್ತು. ಇಬ್ಬರೂ ಒಂದೇ ಕೋಣೆಯಲ್ಲಿ ನಿಲ್ಲಬೇಕು. ಜಂಟಿ ಕಲಿಕೆ ಎಂಬ ಮಾತಿಗೆ ನಾವು ಕೊಡುವ ಅರ್ಥ ಇದು. ಒಪ್ಪಂದಕ್ಕೆ ಸಹಿ ಹಾಕಿ, ಫೋಟೊ ತೆಗೆಸಿ, ಕಡತ ಕಪಾಟಿಗೆ ಸೇರಿಸುವುದು ಜಂಟಿ ಕಲಿಕೆ ಆಗುವುದಿಲ್ಲ.

ನಮ್ಮ ಸಲಹೆ ಐಟಿಐಯನ್ನು ಡಿಪ್ಲೊಮಾಗೆ ಜೋಡಿಸುವ 120 ಗಂಟೆಯ ಸೇತುಬಂಧ ಪಾಠ. ಕ್ರೆಡಿಟ್ ಲೆಕ್ಕದಲ್ಲಿ ಸರಿಯಾಗಿ 4 ಕ್ರೆಡಿಟ್. ಇದರಲ್ಲಿ 60 ಗಂಟೆ ಗಣಿತ, 24 ಗಂಟೆ ಇಂಗ್ಲಿಷಿನಲ್ಲಿ ತಾಂತ್ರಿಕ ಉತ್ತರ ಬರೆಯುವ ಅಭ್ಯಾಸ, 20 ಗಂಟೆ ಡ್ರಾಯಿಂಗ್, 16 ಗಂಟೆ ಮೆಕ್ಯಾನಿಕ್ಸ್ ಅಥವಾ ಎಲೆಕ್ಟ್ರಿಕಲ್ ಮೂಲಪಾಠ. ಐಟಿಐ ಎರಡನೇ ವರ್ಷದ ಜನವರಿಯಿಂದ ಶನಿವಾರ ಮಧ್ಯಾಹ್ನ ಮೂರು ಗಂಟೆಯಂತೆ 20 ಶನಿವಾರ ನಡೆಸಿದರೆ 60 ಗಂಟೆ ಆಗುತ್ತದೆ. ಐಟಿಐ ವಾರ್ಷಿಕ ಪರೀಕ್ಷೆಯಾದ ಅಖಿಲ ಭಾರತ ಟ್ರೇಡ್ ಟೆಸ್ಟ್ ಮುಗಿದ ಮೇಲೆ ಮೂರು ವಾರ, ವಾರಕ್ಕೆ ಐದು ದಿನ, ದಿನಕ್ಕೆ ನಾಲ್ಕು ಗಂಟೆ ನಡೆಸಿದರೆ ಉಳಿದ 60.

ಗಣಿತದ 60 ಗಂಟೆಯನ್ನು ಪುಸ್ತಕದ ಮೊದಲ ಪುಟದಿಂದ ಶುರು ಮಾಡಿದರೆ ಸೋಲುವುದು ಖಚಿತ. ಪುಸ್ತಕದಲ್ಲಿ ಮ್ಯಾಟ್ರಿಕ್ಸ್ ಮೊದಲು ಬರುತ್ತದೆ, ಮೂರನೇ ಸೆಮಿಸ್ಟರ್‌ನ ಕೋರ್ ವಿಷಯಗಳಲ್ಲಿ ಅದು ತಕ್ಷಣಕ್ಕೆ ಬೇಕಾಗುವುದಿಲ್ಲ. ಈ ಮಕ್ಕಳು ಎಡವುವುದು ಅದಕ್ಕಿಂತ ಕೆಳಗೆ. ಭಿನ್ನರಾಶಿ, ಘಾತ, ಸೂತ್ರದಲ್ಲಿ ಒಂದು ಪದವನ್ನು ಆಚೆ ಪಕ್ಷಕ್ಕೆ ಒಯ್ಯುವಾಗಿನ ಚಿಹ್ನೆ, ಇವೇ ಮೂರು. ಎಸ್ಸೆಸ್ಸೆಲ್ಸಿ ಮುಗಿಸಿ ಎರಡು ವರ್ಷ ಅವುಗಳನ್ನು ಮುಟ್ಟಿಲ್ಲ, ಮರೆತಿರುತ್ತಾರೆ. ಆದ್ದರಿಂದ ಮೊದಲ 15 ಗಂಟೆ ಬರೀ ಸೂತ್ರ ತಿರುಗಿಸುವುದಕ್ಕೆ ಮೀಸಲಿಡಬೇಕು. ಟೇಪರ್ ಟರ್ನಿಂಗ್ ಸೂತ್ರ, ಕಟಿಂಗ್ ಸ್ಪೀಡ್ ಸೂತ್ರ, ಓಮ್‌ನ ನಿಯಮ ಇವನ್ನೇ ಕೊಟ್ಟು ಒಂದೊಂದು ಅಕ್ಷರವನ್ನೂ ಒಂಟಿ ಮಾಡಿಸಬೇಕು. ಆಮೇಲೆ 15 ಗಂಟೆ ತ್ರಿಕೋನಮಿತಿ, 15 ಗಂಟೆ ಡಿಫರೆನ್ಸಿಯೇಷನ್, 10 ಗಂಟೆ ಇಂಟಿಗ್ರೇಷನ್, ಮಿಕ್ಕ 5 ಗಂಟೆ ಪರೀಕ್ಷೆ ಮತ್ತು ತಿದ್ದುಪಡಿ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡದೆ ಉತ್ತರ ತಪ್ಪಿಸಿಕೊಳ್ಳುವವರು ಬಹಳ. ಇದನ್ನು ಮೊದಲ ದಿನವೇ ತೋರಿಸಬೇಕು.

ಬರವಣಿಗೆಯ 24 ಗಂಟೆ ಏಕೆ ಎಂದು ಕೆಲವರು ಕೇಳಬಹುದು. ಐಟಿಐ ಥಿಯರಿ ಪರೀಕ್ಷೆ ಈಗ ಕಂಪ್ಯೂಟರ್ ಮೇಲೆ, ನಾಲ್ಕು ಉತ್ತರದಲ್ಲಿ ಒಂದನ್ನು ಆರಿಸುವ ಪರೀಕ್ಷೆ. ಎರಡು ವರ್ಷ ಹುಡುಗ ಒಂದು ಪುಟದ ಉತ್ತರ ಬರೆದೇ ಇರುವುದಿಲ್ಲ. ಡಿಪ್ಲೊಮಾದಲ್ಲಿ ಏಕಾಏಕಿ ಮೂರು ಗಂಟೆ ಕುಳಿತು, ಅದೂ ಇಂಗ್ಲಿಷಿನಲ್ಲಿ, ಚಿತ್ರ ಸಮೇತ ಬರೆಯಬೇಕು. ಗೊತ್ತಿದ್ದೂ ಫೇಲಾಗುವವರಲ್ಲಿ ಇಂಥವರೇ ಹೆಚ್ಚು. ಪರಿಹಾರ ಕಷ್ಟದ್ದಲ್ಲ. ಶಾಪಿನಲ್ಲಿ ತಾನು ಮಾಡಿದ ಒಂದು ಕೆಲಸವನ್ನು, ಉದಾಹರಣೆಗೆ ಲೇತ್ ಮೇಲೆ ಜಾಬ್ ಸೆಂಟರ್ ಮಾಡಿದ್ದನ್ನು, ಮೊದಲು ಕನ್ನಡದಲ್ಲಿ ಎಂಟು ಸಾಲು ಬರೆಯಲಿ. ಅದನ್ನೇ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಲಿ. ಪಕ್ಕದಲ್ಲಿ ಚಿತ್ರ, ಚಿತ್ರದ ಭಾಗಗಳಿಗೆ ಹೆಸರು. ವಾರಕ್ಕೆ ಎರಡು ಉತ್ತರ, ಕೆಂಪು ಶಾಯಿಯಲ್ಲಿ ತಿದ್ದಿ ವಾಪಸ್ ಕೊಡಬೇಕು. ತಿದ್ದದ ಬರವಣಿಗೆಯಿಂದ ಪ್ರಯೋಜನ ಇಲ್ಲ. ಎಐಸಿಟಿಇ ಕನ್ನಡಕ್ಕೆ ತಂದಿರುವ ಮೊದಲ ವರ್ಷದ ತಾಂತ್ರಿಕ ಪುಸ್ತಕಗಳು ಇ-ಕುಂಭ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅವನ್ನು ಇಂಗ್ಲಿಷ್ ಪುಸ್ತಕದ ಪಕ್ಕದಲ್ಲಿಟ್ಟು ಓದುವುದನ್ನು ರೂಢಿ ಮಾಡಿಸಿದರೆ ಒಳ್ಳೆಯದು.

ಈಗ ಕೆಲವು ಕಡೆ ಸೇತುಬಂಧ ಎಂಬ ಹೆಸರಿನಲ್ಲಿ ನಡೆಯುವುದು ಪ್ರವೇಶ ಆದ ಮೇಲೆ, ಸೆಮಿಸ್ಟರ್ ನಡುವೆ, ಸಂಜೆ. ಅದು ಹೆಚ್ಚು ದಿನ ನಡೆಯುವುದಿಲ್ಲ. ಬೆಳಗ್ಗೆಯಿಂದ ರೆಗ್ಯುಲರ್ ತರಗತಿ, ಲ್ಯಾಬ್ ಮುಗಿಸಿದ ಹುಡುಗನ ಕಣ್ಣು ಬಸ್ ಸ್ಟ್ಯಾಂಡ್ ಕಡೆ ಇರುತ್ತದೆ. ಸಕಲೇಶಪುರದಿಂದ ಹಾಸನಕ್ಕೆ 40 ಕಿಲೋಮೀಟರ್, ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30. ಊರು ಹೆದ್ದಾರಿಯಿಂದ ಒಳಗಿದ್ದರೆ ಕೊನೆಯ ಬಸ್ ತಪ್ಪಿದವನಿಗೆ ಮನೆ ಸೇರುವ ದಾರಿಯಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ತಾಲ್ಲೂಕುಗಳಿಗೆ ರಜೆ ಘೋಷಣೆಯಾಗುವುದೂ ಜುಲೈ, ಆಗಸ್ಟ್‌ನಲ್ಲೇ. ಟ್ರೇಡ್ ಟೆಸ್ಟ್ ನಂತರದ ಆ ಮೂರು ವಾರದ ಪಾಠಕ್ಕೆ ಮಕ್ಕಳನ್ನು ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಹಾಸ್ಟೆಲಿನಲ್ಲಿ ಉಳಿಸಿಕೊಳ್ಳಲು ಜಿಲ್ಲಾಡಳಿತ ಮನಸ್ಸು ಮಾಡಬೇಕು. ಇದಿಲ್ಲದೆ ಶೃಂಗೇರಿ, ಕೊಪ್ಪದ ಕಡೆಯ ಮಗುವಿಗೆ ಈ ಪಾಠ ಸಿಗದು.

ಕ್ಯಾಲೆಂಡರ್ ಇನ್ನೊಂದು ತೊಡಕು. ಐಟಿಐ ವಾರ್ಷಿಕ ಪರೀಕ್ಷೆ ಸಾಮಾನ್ಯವಾಗಿ ಜುಲೈ, ಆಗಸ್ಟ್ ಹೊತ್ತಿಗೆ, ಫಲಿತಾಂಶ ಅದರ ನಂತರ. ಪಾಲಿಟೆಕ್ನಿಕ್ ಪ್ರವೇಶ ಅದಕ್ಕೂ ಮೊದಲೇ ಶುರುವಾಗುತ್ತದೆ. ಫಲಿತಾಂಶ ಕೈಗೆ ಬರುವಷ್ಟರಲ್ಲಿ ಸೀಟು ತುಂಬಿರುತ್ತದೆ ಅಥವಾ ತರಗತಿಯ ಒಂದು ತಿಂಗಳು ಕಳೆದಿರುತ್ತದೆ. ಒಂದು ವರ್ಷ ಕಾದು ಸೇರೋಣ ಎಂದುಕೊಂಡವನು ಬೆಂಗಳೂರಿನ ಕಾರ್ಖಾನೆಗೆ ಹೋಗುತ್ತಾನೆ, ಆಮೇಲೆ ವಾಪಸ್ ಬರುವುದಿಲ್ಲ. ಫಲಿತಾಂಶಕ್ಕೆ ಕಾಯುತ್ತಿರುವವರಿಗೆ ತಾತ್ಕಾಲಿಕ ಪ್ರವೇಶ ಕೊಟ್ಟು, ಪ್ರಮಾಣಪತ್ರ ಸಲ್ಲಿಸಲು ಗಡುವು ನೀಡಿದರೆ ಈ ಸೋರಿಕೆ ನಿಲ್ಲುತ್ತದೆ. ಸೇತುಬಂಧ ಪಾಠಕ್ಕೆ ಹಾಜರಾದವರ ಪಟ್ಟಿ ಪಾಲಿಟೆಕ್ನಿಕ್ಕಿನ ಕೈಯಲ್ಲಿ ಮೊದಲೇ ಇರುವುದರಿಂದ ಯಾರಿಗೆ ತಾತ್ಕಾಲಿಕ ಪ್ರವೇಶ ಎಂಬ ಗೊಂದಲವೂ ಇರುವುದಿಲ್ಲ.

ಗಣಿತಕ್ಕೆ ಸಮಯ ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ನಮ್ಮ ಬಳಿ ನೇರ ಉತ್ತರವಿದೆ. ಎರಡು ವರ್ಷ ಲೇತ್ ಮೇಲೆ ದುಡಿದ ಟರ್ನರ್ ಹುಡುಗನನ್ನು ಡಿಪ್ಲೊಮಾ ಮೆಷಿನ್ ಶಾಪಿನಲ್ಲಿ ಮತ್ತೆ ಪ್ಲೇನ್ ಟರ್ನಿಂಗ್, ಸ್ಟೆಪ್ ಟರ್ನಿಂಗ್ ಮಾಡಿಸುವುದು ಅವನ ಹೊತ್ತನ್ನು ಹಾಳು ಮಾಡಿದಂತೆ. ಮೊದಲ ವಾರದಲ್ಲೇ ಮೂರು ಗಂಟೆಯ ಒಂದು ಸವಾಲು ಪರೀಕ್ಷೆ ಇಡಿ. ಒಂದು ಜಾಬ್‌ನಲ್ಲಿ ಎರಡು ಸ್ಟೆಪ್, ಒಂದು ಟೇಪರ್, ಒಂದು ಥ್ರೆಡ್, ಅಳತೆಯಲ್ಲಿ 0.05 ಮಿ.ಮೀ. ಆಚೀಚೆಗಿಂತ ಹೆಚ್ಚು ತಪ್ಪಬಾರದು. ಗೆದ್ದರೆ ಆ ಲ್ಯಾಬಿನ ಕ್ರೆಡಿಟ್ ಮತ್ತು ಗ್ರೇಡ್ ಅವನಿಗೆ ಸಿಗಲಿ, ಆ ಗಂಟೆಗಳು ಗಣಿತಕ್ಕೆ ಹೋಗಲಿ. ಇದಕ್ಕೆ ತಾಂತ್ರಿಕ ಪರೀಕ್ಷಾ ಮಂಡಳಿಯ ಒಪ್ಪಿಗೆ ಬೇಕು. ಐಟಿಐನ ಯಾವ ಅಭ್ಯಾಸ ಡಿಪ್ಲೊಮಾದ ಯಾವ ಪ್ರಯೋಗಕ್ಕೆ ಸಮ ಎಂದು ಸಾಲು ಸಾಲಾಗಿ ತೋರಿಸುವ ಪಟ್ಟಿಯನ್ನು ಎರಡೂ ಕಡೆಯ ಬೋಧಕರು ಕೂತು ತಯಾರಿಸಿದರೆ ಮಂಡಳಿಗೆ ಒಪ್ಪಲು ಆಧಾರ ಸಿಗುತ್ತದೆ. ಪಟ್ಟಿ ಇಲ್ಲದೆ ಬರೀ ಮನವಿ ಕೊಟ್ಟರೆ ಅದು ಹಿಂಬರಹ ಹೊತ್ತು ವಾಪಸ್ ಬರುತ್ತದೆ.

ಬಿ.ಇ. ಕಡೆಯಲ್ಲೂ ಇದೇ ಕಥೆ ಎತ್ತರದ ಮೆಟ್ಟಿಲಿನಲ್ಲಿ ನಡೆಯುತ್ತದೆ. ವಿಟಿಯು ತನ್ನ 2018ರ ಪಠ್ಯಕ್ರಮದಲ್ಲಿ ಡಿಪ್ಲೊಮಾದಿಂದ ಬಂದವರಿಗೆ ಮೂರು ಮತ್ತು ನಾಲ್ಕನೇ ಸೆಮಿಸ್ಟರ್‌ನಲ್ಲಿ ಹೆಚ್ಚುವರಿ ಗಣಿತದ ಎರಡು ಪತ್ರಿಕೆ ಇಟ್ಟಿತು. ಕ್ರೆಡಿಟ್ ಇರಲಿಲ್ಲ, ಪಾಸಾಗದಿದ್ದರೆ ಪದವಿಯೂ ಇರಲಿಲ್ಲ. ಕ್ರೆಡಿಟ್ ಇಲ್ಲದ್ದಕ್ಕೆ ವಿದ್ಯಾರ್ಥಿಗಳು ಬೆಲೆ ಕೊಡುತ್ತಿರಲಿಲ್ಲ, ಕೊನೆಯ ಸೆಮಿಸ್ಟರ್‌ಗೆ ಬಂದಾಗ ಅದೊಂದೇ ಉಳಿದು ಕೆಲಸದ ಆರ್ಡರ್ ಕೈಯಲ್ಲಿದ್ದೂ ಪದವಿ ಪ್ರಮಾಣಪತ್ರ ಇಲ್ಲದೆ ಒದ್ದಾಡುತ್ತಿದ್ದರು. ಅದಕ್ಕಿಂತ ದೊಡ್ಡ ತೊಡಕೆಂದರೆ, ಮೊದಲ ವರ್ಷದ ಗಣಿತ ಕಲಿಯುವ ಹೊತ್ತಿಗೇ ಮೂರನೇ ಸೆಮಿಸ್ಟರ್‌ನ ಗಣಿತವನ್ನೂ ಬರೆಯಬೇಕಿತ್ತು. ಅಡಿಪಾಯ ಮತ್ತು ಮಹಡಿ ಏಕಕಾಲಕ್ಕೆ ಏಳುವುದಿಲ್ಲ. ಡಿಸಿಇಟಿ ಮುಗಿದು ಸೀಟು ಹಂಚಿಕೆ ಆಗುವ ತನಕ ಸಿಗುವ ವಾರಗಳಲ್ಲಿ ಈ ಪಾಠವನ್ನು ಮುಗಿಸಿಬಿಡುವುದು ಮೇಲು. ಹಾಸನದಲ್ಲಿ 1960ರಿಂದ ಇರುವ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಸ್ವಾಯತ್ತ ಸಂಸ್ಥೆ, ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇದೆ, ಚಿಕ್ಕಮಗಳೂರಿನಲ್ಲಿ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯ ಇದೆ. ಪಕ್ಕದ ಪಾಲಿಟೆಕ್ನಿಕ್ಕಿನ ಅಂತಿಮ ವರ್ಷದ ಮಕ್ಕಳಿಗೆ ತಮ್ಮ ಗಣಿತ ವಿಭಾಗದ ಇಬ್ಬರನ್ನು ಕಳಿಸಿದರೆ ಸಾಕು.

ಈ ಜೋಡಣೆಯಿಂದ ಲಾಭ ಐಟಿಐ ಮಕ್ಕಳಿಗೆ ಮಾತ್ರ ಎಂದು ತಿಳಿಯಬಾರದು. ನಮ್ಮ ಎರಡೂ ಜಿಲ್ಲೆಯ ಕಾಫಿ ತೋಟಗಳನ್ನೇ ತೆಗೆದುಕೊಳ್ಳಿ. ಫೆಬ್ರವರಿ, ಮಾರ್ಚಿನಲ್ಲಿ ರೊಬಸ್ಟಾಗೆ ಹೂವಿನ ನೀರು ಕೊಡಲು ಸ್ಪ್ರಿಂಕ್ಲರ್ ಹಾಕುತ್ತಾರೆ. ಕೆರೆಯಿಂದ ಸೆಕೆಂಡಿಗೆ 10 ಲೀಟರ್ ನೀರನ್ನು, ಗುಡ್ಡದ ಎತ್ತರ, ಪೈಪಿನ ತಿಕ್ಕಾಟ, ನಾಜಲ್ಲಿನ ಒತ್ತಡ ಎಲ್ಲಾ ಸೇರಿ 75 ಮೀಟರ್ ಹೆಡ್‌ಗೆ (ಒಟ್ಟು ಎತ್ತರಕ್ಕೆ) ಎತ್ತಬೇಕು ಎನ್ನಿ. ಲೀಟರನ್ನು ಮೀಟರಿನಿಂದ ಗುಣಿಸಿ, ಒಂದು ಅಶ್ವಶಕ್ತಿಗೆ 75ರಂತೆ ಭಾಗಿಸಿದರೆ ಬರುವುದು 10 ಅಶ್ವಶಕ್ತಿ. ಪಂಪಿನ ದಕ್ಷತೆ ಶೇ 60 ಎಂದರೆ ಶಾಫ್ಟಿಗೆ ಬೇಕಾದದ್ದು ಹದಿನಾರೂವರೆಗಿಂತ ಹೆಚ್ಚು, ಅಂದರೆ 20 ಅಶ್ವಶಕ್ತಿಯ ಎಂಜಿನ್ ಕೂರಿಸಬೇಕು. ಈ ಲೆಕ್ಕ ಬಿ.ಇ. ಹುಡುಗಿ ಎರಡು ನಿಮಿಷದಲ್ಲಿ ಮಾಡುತ್ತಾಳೆ. ಅದೇ ಪಂಪು ಗಾಳಿ ಎಳೆದು ನೀರೆತ್ತುವುದನ್ನು ಬಿಟ್ಟಾಗ ಶಾಫ್ಟಿನ ಸುತ್ತ ಸೋರಿಕೆ ತಡೆಯುವ ಗ್ಲ್ಯಾಂಡ್ ಪ್ಯಾಕಿಂಗ್ ಸವೆದಿದೆಯೋ, ನೀರೆಳೆಯುವ ಪೈಪಿನ ಬುಡದ ಫುಟ್ ವಾಲ್ವಿನಲ್ಲಿ ಎಲೆ ಸಿಕ್ಕಿದೆಯೋ ಎಂದು ಕಂಡುಹಿಡಿಯಲು ಅವಳಿಗೆ ಯಾರೂ ಕಲಿಸಿಲ್ಲ. ಪ್ಯಾಕಿಂಗನ್ನು ತೀರಾ ಬಿಗಿದರೆ ಶಾಫ್ಟ್ ಕಾದು ಸವೆಯುತ್ತದೆ, ಹನಿ ಹನಿ ತೊಟ್ಟಿಕ್ಕುವಷ್ಟು ಸಡಿಲ ಬಿಡಬೇಕು ಎಂಬುದು ಐಟಿಐ ಹುಡುಗನಿಗೆ ಗೊತ್ತು. ಕಾಫಿ ಹಣ್ಣು ಸುಲಿಯುವ ಪಲ್ಪರಿನದೂ ಅಷ್ಟೆ. ಡ್ರಮ್ಮಿಗೂ ತಡೆಪಟ್ಟಿಗೂ ನಡುವಿನ ಸಂದು ಕಿರಿದಾದರೆ ಬೀಜ ಕತ್ತರಿಸುತ್ತದೆ, ಅಗಲವಾದರೆ ಹಣ್ಣು ಸುಲಿಯದೆ ದಾಟಿಹೋಗುತ್ತದೆ. ಪ್ರತಿ ಸಲ ಹಣ್ಣಿನ ಗಾತ್ರ ನೋಡಿ ಸಂದು ಹೊಂದಿಸಬೇಕು. ಇಬ್ಬರನ್ನೂ ಒಂದೇ ಪ್ರಾಜೆಕ್ಟಿಗೆ ಹಾಕಿ. ಕೊಪ್ಪದ ಬಳಿಯ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರ ಇದೆ. ಕಾಫಿ ಯಂತ್ರಗಳ ಬಗ್ಗೆ ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಮೂವರೂ ಕೂಡಿ ಮಾಡುವ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ನೆರೆಹೊರೆ ಸಿಗಲಾರದು.

ಒಂದು ವರ್ಷದ ಟ್ರೇಡುಗಳ ಬಗ್ಗೆ ಎಚ್ಚರಿಕೆ ಹೇಳಲೇಬೇಕು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿ ಹೊಸ ಯಂತ್ರಗಳನ್ನು ತಂದಾಗ ಹೊಸ ಟ್ರೇಡುಗಳೂ ಬಂದವು. ಅವುಗಳಲ್ಲಿ ಎಲೆಕ್ಟ್ರಿಕ್ ವಾಹನ ಮೆಕ್ಯಾನಿಕ್, ಸಿಎನ್‌ಸಿ ಮೆಷಿನಿಂಗ್ ಎರಡು ವರ್ಷದ್ದು, ಇಂಡಸ್ಟ್ರಿಯಲ್ ರೊಬೊಟಿಕ್ಸ್ ಒಂದು ವರ್ಷದ್ದು. ವೆಲ್ಡರ್, ಕೋಪಾ (ಕಂಪ್ಯೂಟರ್ ಆಪರೇಟರ್ ಮತ್ತು ಪ್ರೋಗ್ರಾಮಿಂಗ್ ಅಸಿಸ್ಟೆಂಟ್) ಕೂಡ ಒಂದೇ ವರ್ಷ. ಲ್ಯಾಟರಲ್ ಎಂಟ್ರಿಗೆ ಎರಡು ವರ್ಷದ ಐಟಿಐ ಬೇಕು. ಆಕರ್ಷಕ ಹೆಸರು ನೋಡಿ ಒಂದು ವರ್ಷದ ಟ್ರೇಡ್ ಸೇರಿದವರು ಮುಂದೆ ಡಿಪ್ಲೊಮಾ ಓದಬೇಕೆಂದರೆ ಮೊದಲ ವರ್ಷದಿಂದಲೇ ಶುರು ಮಾಡಬೇಕಾಗುತ್ತದೆ. ಐಟಿಐ ಕೌನ್ಸೆಲಿಂಗ್ ಕೊಠಡಿಯ ಗೋಡೆಯ ಮೇಲೆ ಇದನ್ನು ದಪ್ಪ ಅಕ್ಷರದಲ್ಲಿ ಬರೆದು ಹಾಕಬೇಕು. ಹಾಗೆಯೇ ಓದಿದ ಟ್ರೇಡಿಗೆ ಹೊಂದುವ ಶಾಖೆಯೇ ಸಿಗುವುದು ಎಂಬುದನ್ನೂ. ಫಿಟ್ಟರ್, ಟರ್ನರ್‌ಗೆ ಮೆಕ್ಯಾನಿಕಲ್, ಎಲೆಕ್ಟ್ರಿಷಿಯನ್‌ಗೆ ಎಲೆಕ್ಟ್ರಿಕಲ್, ಸಿವಿಲ್ ಡ್ರಾಫ್ಟ್ಸ್‌ಮನ್‌ಗೆ ಸಿವಿಲ್, ಹೀಗೆ.

ಈಗ ದುಡಿಯುತ್ತಿರುವವರಿಗೂ ದಾರಿ ಇದೆ. ಕನಿಷ್ಠ ಒಂದು ವರ್ಷ ಕೆಲಸ ಮಾಡಿರುವವರಿಗಾಗಿ, ಅವರ ಪಾಳಿಗೆ ಹೊಂದುವ ವೇಳಾಪಟ್ಟಿಯಲ್ಲಿ ಡಿಪ್ಲೊಮಾ, ಬಿ.ಇ. ನಡೆಸಲು ಎಐಸಿಟಿಇ 2023-24ರಿಂದ ಕಾಲೇಜುಗಳಿಗೆ ಅನುಮತಿ ಕೊಡುತ್ತಿದೆ. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ಅಪ್ರೆಂಟಿಸ್ ಮುಗಿಸಿ ಕೆಲಸಕ್ಕೆ ನಿಂತ ಹುಡುಗರನ್ನು ನೆನೆದಾಗ ಇಲ್ಲಿನ ಕಾಲೇಜುಗಳು ಇದಕ್ಕೆ ಅರ್ಜಿ ಹಾಕಬೇಕು ಅನಿಸುತ್ತದೆ.

ಈ ವರ್ಷ ಎರಡನೇ ವರ್ಷದ ಐಟಿಐನಲ್ಲಿರುವ ಮಕ್ಕಳು ಯಾರಿಗೂ ಕಾಯದೆ ಮಾಡಬೇಕಾದ ಕೆಲಸ ಕೆಲವಿವೆ. ಹೆಸರು ಮತ್ತು ಇನಿಷಿಯಲ್ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ, ಆಧಾರ್‌ನಲ್ಲಿ, ಐಟಿಐ ದಾಖಲೆಯಲ್ಲಿ ಒಂದೇ ರೀತಿ ಇದೆಯೇ ನೋಡಿ. ಒಂದರಲ್ಲಿ ಇನಿಷಿಯಲ್ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ತಂದೆಯ ಹೆಸರು ಪೂರ್ತಿ ಬಿಡಿಸಿ ಬರೆದಿರುತ್ತದೆ. ರಾಷ್ಟ್ರೀಯ ಟ್ರೇಡ್ ಪ್ರಮಾಣಪತ್ರ ಮುದ್ರಣವಾಗುವ ಮುಂಚೆ ಐಟಿಐ ಕಚೇರಿಯಲ್ಲೇ ತಿದ್ದಿಸಿಕೊಂಡರೆ ಸುಲಭ, ಆಮೇಲೆ ತಿಂಗಳುಗಟ್ಟಲೆ ಓಡಾಟ. ಡಿಜಿಲಾಕರ್ ಮೂಲಕ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನ 12 ಅಂಕಿಯ ಐಡಿ ಮಾಡಿಸಿಟ್ಟುಕೊಳ್ಳಿ. ಅದರಲ್ಲಿ ಕೂಡಿಟ್ಟ ಕ್ರೆಡಿಟ್‌ಗೆ ಸಾಮಾನ್ಯವಾಗಿ ಏಳು ವರ್ಷದ ಆಯಸ್ಸು. 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುರುಜು ಹಾಕಿಸಿ. ಮುಂದೆ ಕೆಇಎ ಪ್ರವೇಶದಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿ ಕೇಳಲು ಅದು ಬೇಕು, ಓದಿದ ಶಾಲೆ ಮುಚ್ಚಿಹೋಗಿದ್ದರೆ ದಾಖಲೆ ಹುಡುಕುವುದಕ್ಕೇ ವಾರಗಳು ಹಿಡಿಯುತ್ತವೆ. ಬಿ.ಇ. ಸೇರಲು ಡಿಪ್ಲೊಮಾದಲ್ಲಿ ಕನಿಷ್ಠ ಶೇ 45, ಮೀಸಲು ವರ್ಗದವರಿಗೆ ಶೇ 40 ಅಂಕ ಇರಬೇಕು ಎಂಬುದನ್ನು ಮೊದಲ ದಿನದಿಂದ ನೆನಪಿಡಿ. ಬರೀ ಪಾಸಾದರೆ ಮುಂದಿನ ಬಾಗಿಲು ತೆರೆಯುವುದಿಲ್ಲ. ಎಂಜಿನಿಯರಿಂಗ್ ಬೇಡ, ಪಿಯುಸಿ ಸಮಾನತೆ ಬೇಕು ಎನ್ನುವವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ (ಎನ್‌ಐಒಎಸ್) ಮೂಲಕ ಭಾಷೆ ಮತ್ತು ಶೈಕ್ಷಣಿಕ ವಿಷಯ ಬರೆದು ಐಟಿಐ ಅಂಕಗಳನ್ನು ಸೇರಿಸಿಕೊಳ್ಳುವ ವ್ಯವಸ್ಥೆ 2016ರಿಂದ ಇದೆ.

ಆಡಳಿತ ಮಾಡಬೇಕಾದ ಮೊದಲ ಕೆಲಸ ಚಿಕ್ಕದು. ಎರಡೂ ಜಿಲ್ಲೆಗಳಲ್ಲಿ ಒಂದೊಂದು ಸರ್ಕಾರಿ ಐಟಿಐ, ಒಂದೊಂದು ಪಾಲಿಟೆಕ್ನಿಕ್, ಒಂದೊಂದು ಎಂಜಿನಿಯರಿಂಗ್ ಕಾಲೇಜು ಆರಿಸಿ, ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ಎರಡೇ ಟ್ರೇಡಿಗೆ ಈ ಸಾಲಿನಲ್ಲಿ ಶುರು ಮಾಡಲಿ. ಎಲ್ಲಾ ಟ್ರೇಡಿಗೂ ಒಟ್ಟಿಗೆ ಎಂದು ಹೊರಟರೆ ಸುತ್ತೋಲೆ ಬರೆಯುವಷ್ಟರಲ್ಲೇ ವರ್ಷ ಕಳೆಯುತ್ತದೆ. ಒಪ್ಪಂದದಲ್ಲಿ ಪಾಠ ಸಮಾನತೆಯ ಪಟ್ಟಿ, ವೇಳಾಪಟ್ಟಿ, ಹೊರಗಿನಿಂದ ಬರುವ ಬೋಧಕರಿಗೆ ಗಂಟೆಯ ಗೌರವಧನ ಯಾವ ಲೆಕ್ಕಶೀರ್ಷಿಕೆಯಿಂದ, ಹಾಜರಾತಿ ಪುಸ್ತಕ ಯಾರ ಬಳಿ ಎಂಬ ನಾಲ್ಕು ವಿಷಯ ಸ್ಪಷ್ಟವಾಗಿರಬೇಕು. ಗೌರವಧನದ ವಿಷಯ ಬಾಯಿಮಾತಿನಲ್ಲಿ ಉಳಿದರೆ ಎರಡನೇ ತಿಂಗಳಿಗೆ ಪಾಠ ನಿಲ್ಲುತ್ತದೆ. ಪ್ರತಿ ಸೆಮಿಸ್ಟರ್ ಮುಗಿದಾಗ ಲ್ಯಾಟರಲ್ ಎಂಟ್ರಿ ಮಕ್ಕಳ ಗಣಿತದ ಫಲಿತಾಂಶವನ್ನು ಪಾಲಿಟೆಕ್ನಿಕ್‌ನವರು ಐಟಿಐಗೆ ಕಳಿಸಬೇಕು. ಯಾವ ಅಧ್ಯಾಯದಲ್ಲಿ ಅಂಕ ಹೋಯಿತು ಎಂಬುದು ಐಟಿಐ ಬೋಧಕರಿಗೆ ಗೊತ್ತಾದರೆ, ಮುಂದಿನ ಜನವರಿಯ ಮೊದಲ ಶನಿವಾರ ಅಲ್ಲಿಂದಲೇ ಪಾಠ ಶುರು ಮಾಡಬಹುದು.

ಇಂತಿ,
ಐಟಿಐ ಮತ್ತು ಪಾಲಿಟೆಕ್ನಿಕ್ ಬೋಧಕರು,
ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳು